ಕವಿತೆಯ ಓದು ಮತ್ತು ಸಂದಿಗ್ಧವನ್ನು ತಾಳುವ ಮನಸ್ಸು

(ಸಂಘದ ವಾರ್ಷಿಕ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂತಹ ಸಮಾರಂಭಗಳಲ್ಲಿ ಸಾಮಾನ್ಯವಾಗಿ ವಿಜ್ಞಾನ, ಗಣಿತ, ಸ್ಪರ್ಧಾತ್ಮಕ ಪರೀಕ್ಷೆಗಳ ಬಗ್ಗೆ ಉಪನ್ಯಾಸಗಳು ನಡೆಯುತ್ತವೆ. ಅವು ಅಗತ್ಯವೂ ಹೌದು. ಆದರೆ ಈ ಸಲ ಸಂಘದ ಹಿರಿಯರು ಉರ್ದು ಮತ್ತು ಕನ್ನಡ ಕಲಿಸುವ ನನ್ನನ್ನು ಕರೆದು, 'ನಿಮಗೆ ಗೊತ್ತಿರುವ ವಿಷಯವನ್ನೇ ಹೇಳಿ' ಎಂದಿದ್ದಾರೆ. ನನಗೆ ಗೊತ್ತಿರುವುದು ಪದ್ಯ ಪಾಠ. 'ಪದ್ಯದಿಂದ ಏನು ಪ್ರಯೋಜನ ಟೀಚರ್?' ಎಂದು ಮಕ್ಕಳೂ ಕೇಳುತ್ತಾರೆ, ಪೋಷಕರೂ ಕೇಳುತ್ತಾರೆ. ಪ್ರಯೋಜನಗಳು ಹಲವಾರು ಇರಬಹುದು. ಇಂದು ಒಂದನ್ನು ಮಾತ್ರ ಹೇಳುತ್ತೇನೆ. ಒಂದೇ ಮಾತಿಗೆ, ಒಂದೇ ಸನ್ನಿವೇಶಕ್ಕೆ ಎರಡು ಮೂರು ಅರ್ಥ ಸಾಧ್ಯವಿರುವಾಗ ಗಾಬರಿಯಾಗದೆ, ಅವಸರದಲ್ಲಿ ತೀರ್ಪು ಕೊಡದೆ, ಸ್ವಲ್ಪ ಹೊತ್ತು ತಾಳಿಕೊಳ್ಳುವ ಶಕ್ತಿಯನ್ನು ಕವಿತೆ ನಮಗೆ ಅಭ್ಯಾಸ ಮಾಡಿಸುತ್ತದೆ. ಇದು ನನ್ನ ಭಾಷಣದ ಸಾರಾಂಶ.

ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ನಾನು ಬಿ.ಇಡಿ. ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಒಂಬತ್ತನೆಯ ತರಗತಿಗೆ ಶಿಶುನಾಳ ಶರೀಫರ ಸೋರುವ ಮಾಳಿಗೆಯ ತತ್ವಪದವನ್ನು ಹಾಡಿಸಿ ಕಲಿಸಿದ್ದೆ. ಶರೀಫರ ಪರಿಚಯ ನಮ್ಮ ಮಕ್ಕಳಿಗೆ ಚೆನ್ನಾಗಿ ಆಗಬೇಕೆಂಬ ಆಸೆ ನನಗಿತ್ತು. 1819ರಿಂದ 1889ರವರೆಗೆ ಬದುಕಿದ ಅವರು ಮುಸ್ಲಿಂ ಮನೆತನದಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರ ಶಿಷ್ಯರಾದವರು. ಕೆಲಕಾಲ ನಮ್ಮ ಹಾಗೆಯೇ ಶಾಲಾ ಶಿಕ್ಷಕರಾಗಿಯೂ ಇದ್ದವರು. ಪದದ ಅರ್ಥವನ್ನು ನಾನು ಹೀಗೆ ಬರೆಸಿದ್ದೆ: ಮನೆ ಎಂದರೆ ದೇಹ, ಸೋರುವುದು ಎಂದರೆ ಅಜ್ಞಾನದಿಂದ ಆಯುಷ್ಯ ವ್ಯರ್ಥವಾಗುವುದು. ಕಿರುಪರೀಕ್ಷೆಯಲ್ಲಿ 'ಇಲ್ಲಿ ಮನೆ ಎಂದರೆ ಏನು? ವಿವರಿಸಿ' ಎಂದು ಐದು ಅಂಕದ ಪ್ರಶ್ನೆ ಕೊಟ್ಟೆ. ಬಹುತೇಕ ಎಲ್ಲರೂ ನಾನು ಬರೆಸಿದ್ದನ್ನೇ ಅಕ್ಷರಶಃ ಬರೆದರು. ಒಬ್ಬ ಹುಡುಗಿ ಮಾತ್ರ ಬೇರೆಯೇ ಬರೆದಿದ್ದಳು:

'ಮನೆ ಎಂದರೆ ಮನೆ. ನಮ್ಮದೂ ಮಣ್ಣಿನ ಮಾಳಿಗೆ. ಅಬ್ಬಾ ಕೆಲಸಕ್ಕೆ ಗೋವಾಕ್ಕೆ ಹೋದ ಮೇಲೆ ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಮಣ್ಣು ಹಾಕಿ ತುಳಿಯುವವರು ಇಲ್ಲ. ಮಳೆ ಬಂದರೆ ಅಮ್ಮಿ ಪಾತ್ರೆ ಇಡುತ್ತಾರೆ. ಕತ್ತಲೆಯಲ್ಲಿ ಎಲ್ಲಿ ಸೋರುತ್ತಿದೆ ಎಂದು ಗೊತ್ತಾಗುವುದಿಲ್ಲ. ಕವಿಯ ಮನೆಯಲ್ಲಿಯೂ ಯಾರೂ ಇರಲಿಲ್ಲ ಅನಿಸುತ್ತದೆ.'

ನಾನು ಕೆಂಪು ಶಾಯಿಯಲ್ಲಿ 'ಪ್ರಶ್ನೆಗೆ ಉತ್ತರವಲ್ಲ' ಎಂದು ಬರೆದು ಸೊನ್ನೆ ಹಾಕಿದೆ. ಹುಡುಗಿ ಏನೂ ಕೇಳಲಿಲ್ಲ. ಕೆಲವು ದಿನಗಳ ನಂತರ ಉತ್ತರ ಪತ್ರಿಕೆಗೆ ಸಹಿ ಹಾಕಲು ಅವಳ ತಾಯಿ ಶಾಲೆಗೆ ಬಂದರು. ಅವರಿಗೆ ಓದಲು ಬಾರದು. ಸೊನ್ನೆ ಯಾಕೆ ಎಂದು ತಿಳಿಸಲು ಮಗಳ ಉತ್ತರವನ್ನು ಓದಿ ಹೇಳಿದೆ. ಅವರು ಸಂಕೋಚದಿಂದ ನಕ್ಕು, 'ಮನೀ ಸುದ್ದಿ ಶಾಲ್ಯಾಗೂ ಬರದಾಳೇನ್ರಿ? ಖರೇ ಐತ್ರಿ, ಈ ಸಲ ಪಾತ್ರಿ ಸಾಲಲಿಲ್ಲ' ಎಂದರು.

ಅಂದು ಸಂಜೆ ನಾನು ಆ ತತ್ವಪದವನ್ನು ಮತ್ತೆ ತೆಗೆದು ಓದಿದೆ. ಕತ್ತಲೆ ಅಲ್ಲಿದೆ. ಸರಿಪಡಿಸುವವರು ಯಾರೂ ಇಲ್ಲ ಎಂಬ ಮಾತು ಅಲ್ಲಿದೆ. ಮೇಲೆ ಹತ್ತಲು ನನ್ನಿಂದಾಗದು ಎಂಬ ಅಸಹಾಯಕತೆಯೂ ಅಲ್ಲಿದೆ. ದೇಹ, ಅಜ್ಞಾನ, ಆಯುಷ್ಯ ಎಂದು ನೋಟ್ಸ್ ಬರೆಸುವ ಭರದಲ್ಲಿ ಇವೆಲ್ಲವನ್ನೂ ನಾನು ಬಿಟ್ಟಿದ್ದೆ. ಯಾರೂ ಇಲ್ಲದ ಮನೆಯ ಆ ದುಃಖವನ್ನು ಸೊನ್ನೆ ಪಡೆದ ಹುಡುಗಿ ಹಿಡಿದಿದ್ದಳು. ಹಾಗೆಂದು ನನ್ನ ನೋಟ್ಸ್ ಸುಳ್ಳೂ ಅಲ್ಲ. ಅಜ್ಞಾನದ ಮಾತನ್ನು ಶರೀಫರೇ ಎತ್ತಿದ್ದಾರೆ. ಅದನ್ನು ಅವಳು ಬಿಟ್ಟಿದ್ದಳು. ಮರುದಿನ ತರಗತಿಯಲ್ಲಿ ಎಲ್ಲರ ಮುಂದೆ ಹೇಳಿದೆ: 'ಈ ಪದದಲ್ಲಿ ಅರ್ಧ ನನಗೆ ಕಂಡಿತ್ತು, ಅರ್ಧ ಇವಳಿಗೆ ಕಂಡಿತ್ತು. ಅಂಕ ಕೊಡುವುದಾದರೆ ಇಬ್ಬರಿಗೂ ಎರಡೂವರೆ.' ಮಕ್ಕಳು ನಕ್ಕರು. ಅವಳ ಸೊನ್ನೆಯನ್ನು ಹೊಡೆದು ಹಾಕಿದೆ. ಮಣ್ಣಿನ ಮಾಳಿಗೆ ನಿಜವಾಗಿ ಸೋರದಿದ್ದರೆ ದೇಹದ ಮಾಳಿಗೆ ಸೋರುವುದು ಯಾರ ಎದೆಗೂ ತಟ್ಟುವುದಿಲ್ಲ. ಎರಡೂ ಅರ್ಥ ಒಟ್ಟಿಗೆ ಇರುವುದರಿಂದಲೇ ಆ ಪದ ಇಂದಿಗೂ ಜನರ ಬಾಯಲ್ಲಿ ಉಳಿದಿದೆ.

ಬಂಧುಗಳೇ, ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಹೇಳಲು ಬಾರದೆ ಮಾತು ಗೊಂದಲವಾದರೆ ಅದು ಅಸ್ಪಷ್ಟತೆ. ಮಾತು ಸ್ಪಷ್ಟವಾಗಿದ್ದೂ ಒಂದಕ್ಕಿಂತ ಹೆಚ್ಚು ಅರ್ಥಕ್ಕೆ ಎಡೆ ಕೊಟ್ಟರೆ ಅದು ಸಂದಿಗ್ಧ. ಉರ್ದುವಿನಲ್ಲಿ ಸಂದಿಗ್ಧಕ್ಕೆ 'ಇಬ್‌ಹಾಮ್' ಎನ್ನುತ್ತೇವೆ. ಅದಕ್ಕೆ ಹತ್ತಿರದ ಉಚ್ಚಾರಣೆಯ 'ಈಹಾಮ್' ಒಂದು ಕಾವ್ಯಾಲಂಕಾರ. ಎರಡರ್ಥವಿರುವ ಶಬ್ದವನ್ನು ಇಟ್ಟು, ಕೇಳುಗನ ಮನಸ್ಸು ಹತ್ತಿರದ ಅರ್ಥಕ್ಕೆ ಹೋಗುವಂತೆ ಮಾಡಿ, ಕವಿ ತಾನು ದೂರದ ಅರ್ಥವನ್ನು ಉದ್ದೇಶಿಸುವುದು. 18ನೆಯ ಶತಮಾನದ ಪೂರ್ವಾರ್ಧದಲ್ಲಿ ದೆಹಲಿಯ ಉರ್ದು ಕವಿಗಳಿಗೆ ಇದರ ಹುಚ್ಚೇ ಹಿಡಿದಿತ್ತು. ನಮ್ಮ ಕನ್ನಡದಲ್ಲಿ ಶ್ಲೇಷೆ ಇದೆ, ಅಲ್ಲಮಪ್ರಭುವಿನ ಬೆಡಗಿನ ವಚನಗಳಿವೆ. ಅವಕ್ಕೂ ಹಿಂದೆ, 9ನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ 'ಧ್ವನ್ಯಾಲೋಕ'ದಲ್ಲಿ, ಬಾಯಿ ಹೇಳುವ ಅರ್ಥಕ್ಕಿಂತ ಮಾತು ಸೂಚಿಸುವ ಅರ್ಥವೇ ಕಾವ್ಯದ ಜೀವ ಎಂದು ವಿವರಿಸಿದ. ಇದು ಪಂಡಿತರ ವಿಷಯ ಎಂದು ಹೆದರಬೇಡಿ. ಆಟ ಬಿಟ್ಟು ಬಾರದ ಮಗುವಿಗೆ ತಾಯಿ, 'ಅಲ್ಲೇ ಇರು, ಮನೆಗೆ ಬರಲೇ ಬೇಡ' ಎಂದು ಕೂಗುತ್ತಾಳೆ. ಮಗು ಓಡಿ ಮನೆಗೆ ಬರುತ್ತದೆ. ಧ್ವನಿ ಎಂದರೇನು ಎಂದು ಆ ಮಗುವಿಗೆ ಗೊತ್ತು.

ಗಜಲ್ ಓದುವವರಿಗೆ ಈ ಅನುಭವ ಹೆಜ್ಜೆಹೆಜ್ಜೆಗೂ ಆಗುತ್ತದೆ. ಗಜಲಿನಲ್ಲಿ ಬರುವ ಮಾಶೂಕ್ ಯಾರು? ಹೆಣ್ಣೋ, ಗಂಡೋ, ಗುರುವೋ, ಪರಮಾತ್ಮನೋ? ಫಾರಸಿಯಲ್ಲಿ 'ಅವನು', 'ಅವಳು' ಎರಡಕ್ಕೂ ಒಂದೇ ಸರ್ವನಾಮ. ಆ ಸಂಪ್ರದಾಯದಲ್ಲಿ ಬೆಳೆದ ಉರ್ದು ಗಜಲ್ ಪ್ರಿಯರನ್ನು ರೂಢಿಯಾಗಿ ಪುಲ್ಲಿಂಗದಲ್ಲಿಯೇ ಕರೆಯುತ್ತದೆ. ಲೌಕಿಕ ಪ್ರೇಮ, ದೈವಿಕ ಪ್ರೇಮ ಎರಡೂ ಒಂದೇ ಶೇರ್‌ನಲ್ಲಿ ಜಗಳವಾಡದೆ ಕುಳಿತಿರುತ್ತವೆ. ಮಿರ್ಜಾ ಗಾಲಿಬ್ (1797-1869) ಬದುಕಿದ್ದಾಗ 'ಇವರ ಶೇರ್ ಅರ್ಥವಾಗುವುದಿಲ್ಲ' ಎಂದು ಅವರನ್ನು ಗೇಲಿ ಮಾಡಿದವರಿದ್ದರು. ಅವರ ದಿವಾನಿನ ಮೊದಲ ಶೇರ್‌ನಲ್ಲಿಯೇ ಕಾಗದದ ಉಡುಪಿನ ಪ್ರಸ್ತಾಪ ಬರುತ್ತದೆ. ಇರಾನಿನಲ್ಲಿ ನ್ಯಾಯ ಬೇಡುವವರು ಕಾಗದದ ಉಡುಪು ತೊಟ್ಟು ಬರುವ ಪದ್ಧತಿಯಿತ್ತು ಎಂದು ಗಾಲಿಬರೇ ಒಂದು ಪತ್ರದಲ್ಲಿ ಬಿಡಿಸಿ ಹೇಳಬೇಕಾಯಿತು. ಅವರ ಶಿಷ್ಯ ಅಲ್ತಾಫ್ ಹುಸೇನ್ ಹಾಲಿ 1897ರಲ್ಲಿ ಪ್ರಕಟವಾದ 'ಯಾದ್‌ಗಾರೆ ಗಾಲಿಬ್'ನಲ್ಲಿ, ಗಾಲಿಬರ ಎಷ್ಟೋ ಶೇರ್‌ಗಳು ಪಹ್ಲೂದಾರ್, ಅಂದರೆ ಹಲವು ಮಗ್ಗುಲುಳ್ಳವು ಎಂದರು. ಮೊದಲ ನೋಟಕ್ಕೆ ಒಂದು ಅರ್ಥ, ನಿಧಾನವಾಗಿ ಯೋಚಿಸಿದರೆ ಇನ್ನೊಂದು. ಗೇಲಿಗೆ ಕಾರಣವಾದ ಗುಣವೇ ಮುಂದಿನ ತಲೆಮಾರಿಗೆ ಹಿರಿಮೆಯಾಗಿ ಕಂಡಿತು.

'ಇದೆಲ್ಲ ಸಾಹಿತ್ಯ. ಇದಕ್ಕೂ ಬದುಕಿಗೂ ಏನು ಸಂಬಂಧ?' ಎಂದು ನೀವು ಕೇಳಬಹುದು. ಈಗ ಅಲ್ಲಿಗೆ ಬರುತ್ತೇನೆ.

ಎಲ್ಸೆ ಫ್ರೆಂಕೆಲ್-ಬ್ರುನ್ಸ್ವಿಕ್ ಎಂಬ ಮನಶ್ಶಾಸ್ತ್ರಜ್ಞೆ ವಿಯೆನ್ನಾದಲ್ಲಿ ಓದಿದವರು. ಯಹೂದಿ ಕುಟುಂಬದವರು. 1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡಾಗ ದೇಶ ಬಿಟ್ಟು ಅಮೆರಿಕಕ್ಕೆ ಹೋದರು. ಮನುಷ್ಯರು ಮತ್ತೊಂದು ಜನಾಂಗವನ್ನು ದ್ವೇಷಿಸುವುದಾದರೂ ಹೇಗೆ ಎಂಬುದು ಅವರ ಅಧ್ಯಯನದ ವಿಷಯವಾಯಿತು. ಸಂದಿಗ್ಧವನ್ನು ಸಹಿಸಲಾಗದ ಮನಸ್ಸಿನ ಬಗ್ಗೆ 1949ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಒಂದು ಸರಳ ಪ್ರಯೋಗವಿದೆ. ಮಕ್ಕಳಿಗೆ ಮೊದಲು ನಾಯಿಯ ಚಿತ್ರ ತೋರಿಸುವುದು. ನಂತರ ಒಂದೊಂದೇ ಚಿತ್ರದಲ್ಲಿ ನಾಯಿ ಸ್ವಲ್ಪಸ್ವಲ್ಪವಾಗಿ ಬದಲಾಗುತ್ತಾ ಕೊನೆಗೆ ಬೆಕ್ಕಾಗುತ್ತದೆ. ಕೆಲವು ಮಕ್ಕಳು ನಡುವಿನ ಚಿತ್ರಗಳಲ್ಲಿಯೇ ಬದಲಾವಣೆ ಗುರುತಿಸಿದರು. ಇನ್ನು ಕೆಲವರು ಬಹಳ ಹೊತ್ತು 'ಇದು ನಾಯಿಯೇ' ಎಂದು ಪಟ್ಟು ಹಿಡಿದರು. ಬೇರೆ ಜನರ ಬಗ್ಗೆ ಪೂರ್ವಗ್ರಹ ಹೆಚ್ಚಿದ್ದ ಮಕ್ಕಳಲ್ಲಿ ಈ ಪಟ್ಟು ಹೆಚ್ಚಾಗಿ ಕಂಡಿತು ಎಂದು ಅವರು ಬರೆದರು.

ಇದನ್ನು ಓದಿದಾಗ ನನಗೆ ನಮ್ಮ ಊರು ಕೇರಿಗಳು ನೆನಪಾದವು. ಮೊಬೈಲಿಗೆ ಒಂದು ಸಂದೇಶ ಬರುತ್ತದೆ. ಯಾರು ಕಳಿಸಿದರು, ಎಲ್ಲಿಯದು, ಯಾವ ಕಾಲದ್ದು, ಒಂದೂ ಗೊತ್ತಿರುವುದಿಲ್ಲ. ಐದು ನಿಮಿಷದೊಳಗೆ 'ಅವರೇ ಮಾಡಿದ್ದು, ಇವರೇ ಮಾಡಿದ್ದು' ಎಂದು ತೀರ್ಮಾನವಾಗಿಬಿಡುತ್ತದೆ. ಅಂತಹ ಹೊತ್ತಿನಲ್ಲಿ 'ತಡೆಯಿರಿ, ಇದಕ್ಕೆ ಬೇರೆ ಅರ್ಥವೂ ಇರಬಹುದು' ಎನ್ನುವ ಒಬ್ಬ ಹುಡುಗ, ಒಬ್ಬ ಹುಡುಗಿ ಆ ಕೇರಿಯಲ್ಲಿದ್ದರೆ ಅದೆಷ್ಟು ದೊಡ್ಡ ಉಪಕಾರ! ಮನೆಯೊಳಗೂ ಅಷ್ಟೇ. ದೂರದ ಊರಿನಲ್ಲಿ ದುಡಿಯುವ ತಂದೆ ಈ ವಾರ ಫೋನ್ ಮಾಡಲಿಲ್ಲ. ಕರೆನ್ಸಿ ಮುಗಿದಿರಬಹುದು, ಎರಡು ಪಾಳಿ ಕೆಲಸವಿರಬಹುದು, ಜ್ವರವೂ ಇರಬಹುದು. ಇಷ್ಟನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡು, ಕೆಟ್ಟದ್ದೊಂದನ್ನೇ ನಿಜವೆಂದು ಹಿಡಿಯದೆ, ಮಗು ಶಾಲೆಗೆ ಬಂದು ಪಾಠ ಕೇಳಬೇಕು. ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ 'ಪಾಸಾದರೆ ಬದುಕು, ಫೇಲಾದರೆ ಎಲ್ಲ ಮುಗಿಯಿತು' ಎಂದು ತಿಳಿಯುವ ಮಕ್ಕಳನ್ನು ನಾವು ನೋಡಿದ್ದೇವೆ. ಒಂದು ಅಂಕಪಟ್ಟಿಗೆ ಒಂದೇ ಅರ್ಥ ಎಂದು ನಂಬಿದ ಮನಸ್ಸು ಅದು. ಆ ನಂಬಿಕೆಯನ್ನು ಸಡಿಲಿಸುವುದು ನಮ್ಮ ಕೆಲಸ.

ಕವಿತೆ ಇದನ್ನು ಹೇಗೆ ಮಾಡುತ್ತದೆ? ನಮ್ಮ ಹಳ್ಳಿಗಳಲ್ಲಿ ಮಕ್ಕಳ ಬೆನ್ನಿಗೆ ಸೋರೆಬುರುಡೆ ಕಟ್ಟಿ ಬಾವಿಯಲ್ಲಿ ಈಜು ಕಲಿಸುತ್ತಿದ್ದರು. ಮೊದಲ ದಿನವೇ ಹೊಳೆಗೆ ಇಳಿಸುತ್ತಿರಲಿಲ್ಲ. ಕವಿತೆ ಅಂತಹ ಬಾವಿ. ಒಂದು ಶೇರ್‌ನ ಅರ್ಥ ಇಂದೇ ತೀರ್ಮಾನವಾಗದಿದ್ದರೆ ಯಾರಿಗೂ ನಷ್ಟವಿಲ್ಲ. ನಾಳೆ ಮತ್ತೆ ಓದಬಹುದು. ಎರಡನೆಯ ಅರ್ಥ ಹೊಳೆದಾಗ ಸಂತೋಷವೇ ಆಗುತ್ತದೆ. 'ಗೊತ್ತಿಲ್ಲ' ಎಂಬ ಸ್ಥಿತಿ ಅಪಾಯವಲ್ಲ, ಅಲ್ಲಿ ಸ್ವಲ್ಪ ಹೊತ್ತು ನಿಂತರೆ ಏನಾದರೂ ಸಿಗುತ್ತದೆ ಎಂದು ಮನಸ್ಸಿಗೆ ರೂಢಿಯಾಗುತ್ತದೆ. ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 100 ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಸಣ್ಣಕತೆ, ಕೆಲವರಿಗೆ ಪ್ರಬಂಧ ಓದಲು ಕೊಟ್ಟರು. ಕತೆ ಓದಿದವರಲ್ಲಿ ಬೇಗನೆ ಒಂದು ತೀರ್ಮಾನಕ್ಕೆ ಬಂದುಬಿಡಬೇಕೆಂಬ ತವಕ ಕಡಿಮೆ ಕಂಡಿತು. ಸದಾ ಓದುವ ಅಭ್ಯಾಸವಿದ್ದವರಲ್ಲಿ ಇದು ಹೆಚ್ಚು ಸ್ಪಷ್ಟವಾಗಿತ್ತು. ಅದು ಕತೆಯ ಕುರಿತದ್ದು, ಕವಿತೆಯದಲ್ಲ. ಒಂದು ದಿನದ ಓದಿನಿಂದ ಇಡೀ ಸ್ವಭಾವ ಬದಲಾಯಿತೆಂದು ನಾನು ಹೇಳುವುದೂ ಇಲ್ಲ. ಆದರೆ ತರಗತಿಯಲ್ಲಿ ನಾನು ಕಾಣುತ್ತಿರುವುದಕ್ಕೆ ಇದು ಹತ್ತಿರವಾಗಿದೆ.

ಓದುವುದಕ್ಕಿಂತ ಬರೆಯುವುದು ಇನ್ನೂ ಒಳ್ಳೆಯ ಅಭ್ಯಾಸ. ತರಹೀ ಮುಶಾಯರಾ ನಿಮಗೆಲ್ಲ ಗೊತ್ತು. ಒಂದು ಸಾಲು ಕೊಡುತ್ತಾರೆ. ಅದೇ ಛಂದಸ್ಸು, ಅದೇ ರದೀಫ್, ಅದೇ ರೀತಿಯ ಕಾಫಿಯಾ ಹಿಡಿದು ಪ್ರತಿಯೊಬ್ಬ ಕವಿಯೂ ತನ್ನ ಗಜಲ್ ತರುತ್ತಾನೆ. ಸಾಲು ಒಂದೇ, ತೆರೆಯುವ ಲೋಕ ಬೇರೆಬೇರೆ. ಇದನ್ನೇ ಸರಳ ಮಾಡಿ ನನ್ನ ತರಗತಿಯಲ್ಲಿ ತಿಂಗಳಿಗೊಮ್ಮೆ ನಡೆಸುತ್ತೇನೆ. ಮೊದಲ ಸಲ 'ಬಾಗಿಲು ತೆರೆದೇ ಇದೆ' ಎಂದು ಬೋರ್ಡಿನ ಮೇಲೆ ಬರೆದು, ಮುಂದಿನ ಸಾಲುಗಳನ್ನು ನೀವೇ ಬರೆಯಿರಿ ಎಂದೆ. ತಕ್ಷಣ ಪ್ರಶ್ನೆಗಳು: 'ಯಾವ ಬಾಗಿಲು ಟೀಚರ್?' 'ಎಷ್ಟು ಸಾಲು?' 'ಇದು ಪರೀಕ್ಷೆಗೆ ಬರುತ್ತದಾ?' ನಾನು ಉತ್ತರ ಕೊಡಲಿಲ್ಲ. ಕೆಲವರು ನಿಜವಾಗಿಯೂ ಕಸಿವಿಸಿಗೊಂಡರು. ಮೂರು ನಾಲ್ಕು ತಿಂಗಳಾದ ಮೇಲೆ ಆ ಪ್ರಶ್ನೆಗಳು ನಿಂತವು. ಸಾಲು ಕೊಟ್ಟರೆ ಸಾಕು, ಕಿಟಕಿಯ ಹೊರಗೆ ನೋಡುತ್ತಾ ಕುಳಿತುಕೊಳ್ಳುತ್ತಾರೆ, ಆಮೇಲೆ ಬರೆಯುತ್ತಾರೆ. ಬರೆಯಲು ತೊಡಗಿದಾಗ ಕೊನೆಯ ಸಾಲು ಏನೆಂದು ಗೊತ್ತಿರುವುದಿಲ್ಲ. ಕಾಫಿಯಾಕ್ಕೆಂದು ಹುಡುಕಿದ ಶಬ್ದ ಯೋಚನೆಯನ್ನೇ ಬೇರೆ ಕಡೆಗೆ ಒಯ್ಯುತ್ತದೆ. ಪಕ್ಕದವನು ನಮ್ಮ ಸಾಲಿಗೆ ನಾವು ಎಣಿಸದ ಅರ್ಥ ಹೇಳುತ್ತಾನೆ. 'ನಾನು ಹಾಗೆ ಬರೆದಿಲ್ಲ' ಎಂದು ಮೊದಲು ಸಿಟ್ಟು ಬರುತ್ತದೆ. ನಂತರ ನೋಡಿದರೆ ಆ ಅರ್ಥವೂ ಅಲ್ಲಿ ಇದೆ. ನನ್ನ ಮಾತಿಗೇ ನನಗೆ ತಿಳಿಯದ ಅರ್ಥವಿದ್ದರೆ, ಇನ್ನೊಬ್ಬನ ಮಾತಿಗೆ ಒಂದೇ ಅರ್ಥ ಎಂದು ಹೇಗೆ ಹೇಳಲಿ? ಈ ವಿನಯವನ್ನು ಭಾಷಣ ಮಾಡಿ ಕಲಿಸಲಾಗುವುದಿಲ್ಲ.

ಆದರೆ ಒಂದು ಎಚ್ಚರಿಕೆ ಅಗತ್ಯ. ಹಲವು ಅರ್ಥಗಳಿವೆ ಎಂದರೆ ಯಾವ ಅರ್ಥವಾದರೂ ಸರಿ ಎಂದಲ್ಲ. ಸೋರುವ ಮಾಳಿಗೆಯ ಪದಕ್ಕೆ ಒಬ್ಬ ಹುಡುಗ 'ಇದು ಗುತ್ತಿಗೆದಾರರ ಭ್ರಷ್ಟಾಚಾರದ ಬಗ್ಗೆ' ಎಂದ. 'ಪದ್ಯದಲ್ಲಿ ಎಲ್ಲಿದೆ, ತೋರಿಸು' ಎಂದೆ. ತೋರಿಸಲಾಗಲಿಲ್ಲ, ಅವನೇ ನಕ್ಕು ಕುಳಿತ. 'ಎಲ್ಲಿದೆ ತೋರಿಸು' ಎಂಬ ಈ ಒಂದು ಪ್ರಶ್ನೆ ನಮ್ಮ ಬೇಲಿ. ಇನ್ನು ಬದುಕಿನಲ್ಲಿ ಸಂದಿಗ್ಧ ಇರಲೇಬಾರದ ಜಾಗಗಳೂ ಇವೆ. ಔಷಧಿಯ ಪ್ರಮಾಣ, ಸಾಲದ ಕಾಗದ, ಶುಲ್ಕದ ರಸೀದಿ, ನಿಕಾಹ್‌ನಾಮೆಯಲ್ಲಿ ಬರೆಯುವ ಮೆಹರಿನ ಮೊತ್ತ, ಇವು ಗಜಲ್ ಅಲ್ಲ! ಅಲ್ಲಿ ಒಂದೇ ಅರ್ಥ ಇರಬೇಕು. ಎಲ್ಲಿ ಒಂದೇ ಅರ್ಥ ಬೇಕು, ಎಲ್ಲಿ ಹಲವು ಅರ್ಥಕ್ಕೆ ಜಾಗ ಬಿಡಬೇಕು ಎಂಬ ವಿವೇಕವೇ ವಿದ್ಯೆ.

ಈ ವಿವೇಕ ನಮಗೆ ಹೊಸದಲ್ಲ. ಜರ್ಮನಿಯ ಅರಬ್ಬಿ ವಿದ್ವಾಂಸ ಥಾಮಸ್ ಬಾವರ್ 2011ರಲ್ಲಿ ಪ್ರಕಟಿಸಿದ, 2021ರಲ್ಲಿ ಇಂಗ್ಲಿಷಿಗೆ ಬಂದ ಗ್ರಂಥದಲ್ಲಿ, ಹಿಂದಿನ ಮುಸ್ಲಿಂ ಸಮಾಜಗಳಲ್ಲಿ ಸಂದಿಗ್ಧವನ್ನು ಸಹಿಸುವ, ಅಷ್ಟೇ ಅಲ್ಲ, ಅದನ್ನು ಸವಿಯುವ ಶಕ್ತಿ ದೊಡ್ಡದಾಗಿತ್ತು ಎಂದು ವಾದಿಸಿದ್ದಾರೆ. ಕುರ್‌ಆನ್ ಪಠನದ ಹಲವು ಅಂಗೀಕೃತ ಕಿರಾಅತ್‌ಗಳು, ಪರಸ್ಪರರನ್ನು ಮಾನ್ಯ ಮಾಡಿದ ಮಝ್‌ಹಬ್‌ಗಳು, ಅರಬ್ಬಿ ಕಾವ್ಯದ ಶ್ಲೇಷೆ, ಇವು ಅವರ ಉದಾಹರಣೆಗಳು. ಪವಿತ್ರ ಕುರ್‌ಆನಿನ ಮೂರನೆಯ ಅಧ್ಯಾಯದ 7ನೆಯ ಸೂಕ್ತವೂ ಸ್ಪಷ್ಟಾರ್ಥದ ವಚನಗಳು, ಅನೇಕಾರ್ಥದ ವಚನಗಳು ಎಂದು ಎರಡನ್ನು ಹೇಳಿ, ವಕ್ರ ಮನಸ್ಸಿನಿಂದ ಎರಡನೆಯದರ ಬೆನ್ನು ಹತ್ತುವವರ ಬಗ್ಗೆ ಎಚ್ಚರಿಸುತ್ತದೆ. ಅದರ ವ್ಯಾಖ್ಯಾನ ಆಲಿಮರ ಕೆಲಸ, ನನ್ನದಲ್ಲ. ನಮ್ಮ ಮುಫ್ತಿಗಳು ತಮ್ಮ ಉತ್ತರದ ಕೊನೆಗೆ 'ವಲ್ಲಾಹು ಅಅಲಮ್', ಅಂದರೆ ಅಲ್ಲಾಹನೇ ಹೆಚ್ಚು ಬಲ್ಲವನು ಎಂದು ಬರೆಯುವುದನ್ನು ಮಾತ್ರ ನೆನಪಿಸುತ್ತೇನೆ. ಉತ್ತರವನ್ನು ಖಚಿತವಾಗಿ ಹೇಳಿದ ಮೇಲೂ ತನ್ನ ತಿಳುವಳಿಕೆಗೆ ಮಿತಿಯಿದೆ ಎಂದು ಒಪ್ಪುವ ಸಂಸ್ಕಾರ ಅದು.

ಕೊನೆಯದಾಗಿ ಮೂರು ಸಲಹೆಗಳು. ವಿದ್ಯಾರ್ಥಿಗಳೇ, ಗೈಡ್ ತೆರೆಯುವ ಮೊದಲು ಪದ್ಯವನ್ನು ಮೂರು ಸಲ ಗಟ್ಟಿಯಾಗಿ ಓದಿ, ನಿಮಗೆ ತೋಚಿದ ಅರ್ಥವನ್ನು ಪೆನ್ಸಿಲಿನಲ್ಲಿ ಬರೆದಿಡಿ. ಶಿಕ್ಷಕ ಮಿತ್ರರೇ, ಪ್ರತಿ ಕಿರುಪರೀಕ್ಷೆಯಲ್ಲಿ ಮಾದರಿ ಉತ್ತರವಿಲ್ಲದ ಒಂದು ಪ್ರಶ್ನೆ ಇರಲಿ. ಅಂಕವನ್ನು ಅರ್ಥಕ್ಕಲ್ಲ, ಮಗು ಕೊಟ್ಟ ಕಾರಣಕ್ಕೆ ಕೊಡಿ. ಸಂಘದ ಹಿರಿಯರೇ, ಮುಂದಿನ ವರ್ಷದ ಸಮಾರಂಭದಲ್ಲಿ ಕಂಠಪಾಠ ಸ್ಪರ್ಧೆಯ ಜೊತೆಗೆ, ಒಂದೇ ಸಾಲು ಕೊಟ್ಟು ಉರ್ದುವಿನಲ್ಲಿಯೂ ಕನ್ನಡದಲ್ಲಿಯೂ ಬರೆಸುವ ಒಂದು ಪುಟ್ಟ ಸ್ಪರ್ಧೆಯನ್ನು ಇಡಬೇಕೆಂದು ಕೋರುತ್ತೇನೆ.

ಸೊನ್ನೆ ಪಡೆದ ಆ ಹುಡುಗಿಯ ಮಾತು ಹೇಳಿ ಮುಗಿಸುತ್ತೇನೆ. 'ಬಾಗಿಲು ತೆರೆದೇ ಇದೆ' ಎಂದು ಕೊಟ್ಟ ದಿನ ಅವಳು ಬರೆದದ್ದು ಇಷ್ಟೇ: 'ಬಾಗಿಲು ತೆರೆದೇ ಇದೆ, ಅಬ್ಬಾ ಬರುತ್ತಾರೆಂದು. ಅದೇ ಬಾಗಿಲಿನಿಂದ ಮಳೆಯೂ ಒಳಗೆ ಬಂತು.' ತರಗತಿ ಸುಮ್ಮನಾಯಿತು. ನಾನು ಹಳೆಯ ಚಾಳಿಯಿಂದ ಕೇಳಿಬಿಟ್ಟೆ: 'ಇದು ಖುಷಿಯ ಸಾಲೋ, ದುಃಖದ ಸಾಲೋ?' ಅವಳು ಸ್ವಲ್ಪ ಯೋಚಿಸಿ, 'ಎರಡೂ ಟೀಚರ್. ಒಂದೇ ಹೇಳಬೇಕಾ?' ಎಂದಳು.

ಬೇಕಾಗಿಲ್ಲ ಮಗಳೇ ಎಂದೆ. ಇಂದು ಇಲ್ಲಿರುವ ಎಲ್ಲ ಮಕ್ಕಳಿಗೂ ಅದನ್ನೇ ಹೇಳುತ್ತೇನೆ.